ದಿಲ್‌ಶಾ ಉಗಿಯಲಿಲ್ಲ

ಮೆಣಸಿನಕಾಯಿ ಸೀಳುವ ದಿನಗಳಲ್ಲಿ ಉರ್ಫಾ ಬಯಲಿನ ಹೆಂಗಸರು ಅಳುವಂತಿಲ್ಲ. ಕೈಯೆಲ್ಲ ಖಾರ, ಕಣ್ಣೊರೆಸಿಕೊಂಡರೆ ಮುಗಿಯಿತು. ಫೆಹಿಮೆ ಅದನ್ನು ಮರೆತು ಒರೆಸಿಕೊಂಡಳು. ಪಕ್ಕದ ಮನೆಯ ಜೆರಿಫೆ ಕಣ್ಣುರಿಗೆಂದು ಮಜ್ಜಿಗೆ ಚೊಂಬು ಹಿಡಿದು ಮಾಳಿಗೆ ಹತ್ತಿದಳು.

"ಮುಖ ಈ ಕಡೆ ಮಾಡು ಅಕ್ಕ. ಅಜ್ಜಿ ಆಗೋ ವಯಸ್ಸಲ್ಲಿ ಇದನ್ನೂ ನಾನೇ ಹೇಳಿಕೊಡ್ಬೇಕಾ?"

"ಖಾರಕ್ಕೆ ಕಣ್ಣೀರು ಬಂತು ಕಣೆ."

"ಹೌದೌದು, ಖಾರಕ್ಕೇ."

ಹೋದ ವರ್ಷ ಇದೇ ಮಾಳಿಗೆಯ ಮೇಲೆ, ಮೆಣಸಿನಕಾಯಿಯ ಇದೇ ತೊಟ್ಟಿಯ ಮುಂದೆ ಫೆಹಿಮೆಯ ದೊಡ್ಡ ಮಗಳು ದಿಲ್‌ಶಾ ಸತ್ತಳು. ಕೊಂದವನು ಅವಳ ಅಣ್ಣ ಮಹ್ಸುಮ್. ಅವನದು ಹೆಣ್ಣು ಕೊಟ್ಟು ಹೆಣ್ಣು ತರುವ ಮದುವೆ. ಇನ್ನೊಂದು ಮನೆಯ ಬೆಸ್ನಾ ಇವನ ಹೆಂಡತಿಯಾಗಿ ಬಂದಳು. ಬದಲಿಗೆ ಬೆಸ್ನಾಳ ಅಣ್ಣನಿಗೆ ದಿಲ್‌ಶಾ ಹೋಗಬೇಕಿತ್ತು. ದಿಲ್‌ಶಾ ಒಪ್ಪಲಿಲ್ಲ. ಒಂದು ಕಡೆ ಮುರಿದರೆ ಇನ್ನೊಂದು ಕಡೆಯೂ ಮುರಿಯಬೇಕು ಎನ್ನುವುದು ಹಿರಿಯರ ಕಟ್ಟಳೆ. ಹೆಂಡತಿಯನ್ನು ತವರಿನವರು ಕರೆದೊಯ್ಯುತ್ತಾರೆಂದು ಮಹ್ಸುಮ್ ಪಿಸ್ತೂಲು ತೆಗೆದ.

ನಾಳೆ ಕೋರ್ಟಿನಲ್ಲಿ ಫೆಹಿಮೆಯ ಸಾಕ್ಷಿ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೈದುನ ವೈಸಿ ಬಂದ. ಬಂದವನು ಕೂರಲಿಲ್ಲ.

"ಅತ್ತಿಗೆ, ಮಾತು ನೆನಪಿದೆ ತಾನೆ? ಅವಳು ಅಣ್ಣನ ಮುಖಕ್ಕೆ ಉಗಿದಳು. ಅಷ್ಟೇ ಹೇಳಿ. ಉಗಿದಳು, ಅವನಿಗೆ ತಲೆ ಕೆಟ್ಟಿತು. ಕೆರಳಿಸಿದ್ಳು ಅಂತ ಆದ್ರೆ ಶಿಕ್ಷೆ ಇಳಿಯುತ್ತೆ."

"ನಾನು ಇಲ್ಲೇ ಇದ್ದೆ. ಅವಳು ಉಗಿದಿದ್ದು ನಾನು ನೋಡ್ಲಿಲ್ವಲ್ಲ ವೈಸಿ."

"ಸತ್ತವಳು ಬಂದು ಇಲ್ಲ ಅಂತಾಳಾ? ಬದುಕಿರೋನ ಕಡೆ ನೋಡಿ. ನೀವೇ ಹೆತ್ತ ಮಗ." ಇಳಿಯುತ್ತ ತಿರುಗಿ ಹೇಳಿದ: "ಮಿಜ್ಗಿನ್‌ಗೆ ಶಾಲೆ ಸಾಕು. ಬೆಸ್ನಾ ಮನೆಯವರು ಕಾಯ್ತಿದ್ದಾರೆ. ಅಕ್ಕ ಆಗ್ಲಿಲ್ಲ, ತಂಗಿ ಆಗ್ಲಿ."

ಮಿಜ್ಗಿನ್ ಫೆಹಿಮೆಯ ಕಿರಿಯ ಮಗಳು. ಇನ್ನೂ ಶಾಲೆಗೆ ಹೋಗುವ ಹುಡುಗಿ. ಮೂಲೆಯಲ್ಲಿ ತೊಟ್ಟು ಕೀಳುತ್ತಿದ್ದವಳ ಕೈ ನಿಂತುಹೋಯಿತು.

ಬೂಟಿನ ಸದ್ದು ಬೀದಿ ಸೇರಿತು.

"ಹೇಳ್ತೀಯಾ?" ಎಂದಳು ಜೆರಿಫೆ.

"ಇನ್ನೇನು ಮಾಡ್ಲಿ? ಒಂದು ಮಗು ಮಣ್ಣಲ್ಲಿದೆ. ಇನ್ನೊಂದು ಜೈಲಲ್ಲೇ ಮುದುಕ ಆಗ್ಬೇಕಾ? ನಿನ್ನ ಮಕ್ಕಳು ಮನೇಲಿದ್ದಾರೆ, ನಿನಗೆ ಮಾತು ಸುಲಭ."

"ಸುಲಭ ಅಲ್ಲ ಅಕ್ಕ. ನನ್ನ ಮಾತು ಬೇಡ, ವಕೀಲರನ್ನೇ ಕೇಳು." ಜೆರಿಫೆ ಪಟ್ಟಣದ ಮಹಿಳಾ ಕೇಂದ್ರಕ್ಕೆ ಹೋಗಿಬರುವವಳು. ಅವಳೂ ಮೆಣಸಿನಕಾಯಿ ಸೀಳಲು ಕೂತಿದ್ದಳು; ಕೈ ಖಾರವಿದ್ದುದರಿಂದ ಫೋನನ್ನು ಮೂಗಿನ ತುದಿಯಿಂದ ಒತ್ತಿದಳು. ಬೇರೆ ದಿನವಾಗಿದ್ದರೆ ಮಿಜ್ಗಿನ್ ನಗುತ್ತಿದ್ದಳು.

ಕೇಂದ್ರದ ವಕೀಲೆ ನೆರ್ಮಿನ್ ಎಲ್ಲ ಕೇಳಿಸಿಕೊಂಡಳು.

"ಫೆಹಿಮೆ ಅಮ್ಮ, ಸತ್ತವರೇ ಮೊದಲು ಅನ್ಯಾಯ ಮಾಡಿ ಕೆರಳಿಸಿದ್ರೆ ಶಿಕ್ಷೆ ಇಳಿಸೋ ದಾರಿ ಕಾನೂನಲ್ಲಿದೆ, ನಿಜ. ಆದ್ರೆ ಮದುವೆ ಬೇಡ ಅನ್ನೋದು ಅನ್ಯಾಯ ಅಲ್ಲ. ಅದು ಅವಳ ಹಕ್ಕು. ಅದನ್ನ ತೋರಿಸಿ ರಿಯಾಯಿತಿ ಕೇಳೋಕಾಗಲ್ಲ. ಅದಕ್ಕೇ ಅವರಿಗೆ ಉಗುಳು ಬೇಕಾಗಿದೆ."

"ಸುಮ್ಮನಿದ್ರೆ?"

"ಇರಬಹುದು. ಮಗನ ವಿರುದ್ಧ ಸಾಕ್ಷಿ ಹೇಳಲ್ಲ ಅನ್ನೋಕೆ ತಾಯಿಗೆ ಹಕ್ಕಿದೆ. ಯಾರೂ ಬಲವಂತ ಮಾಡಲ್ಲ. ಸುಳ್ಳು ಹೇಳೋಕೆ ಮಾತ್ರ ಹಕ್ಕಿಲ್ಲ, ಅದು ಅಪರಾಧ. ಇನ್ನೊಂದು ಮಾತು: ಮಿಜ್ಗಿನ್ ಇನ್ನೂ ಚಿಕ್ಕವಳು. ಈ ಮದುವೆಯನ್ನ ತಡೀಬಹುದು. ನಾಳೆ ಅವಳನ್ನೂ ಕರ್ಕೊಂಡು ಬನ್ನಿ, ರಕ್ಷಣೆ ಕೇಳಿ ಅರ್ಜಿ ಕೊಡೋಣ."

ಫೋನು ನಿಂತಿತು. "ಸುಮ್ಮನಿರ್ತೀನಿ," ಎಂದಳು ಫೆಹಿಮೆ. "ಅದೇ ಸರಿ. ಅವನ ಕಡೆಗೂ ಬೇಡ, ದಿಲ್‌ಶಾ ಕಡೆಗೂ ಬೇಡ."

ಆಗ ಮಿಜ್ಗಿನ್ ಕೇಳಿದಳು: "ಅಮ್ಮಾ, ನಾಳೆ ನಾನು ಬೇಡ ಅಂದ್ರೆ, ನಾನೂ ಉಗಿದೆ ಅಂತಾರಾ?"

ಚಹಾ ತಂದಿದ್ದ ಬೆಸ್ನಾ ಬಾಗಿಲಲ್ಲೇ ನಿಂತಿದ್ದಳು. ಒಂದು ವರ್ಷದಿಂದ ಅವಳು ಈ ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ.

"ನನ್ನನ್ನೂ ಯಾರೂ ಕೇಳಿರಲಿಲ್ಲ ಅತ್ತೆ," ಎಂದಳು. "ದಿಲ್‌ಶಾ ಒಬ್ಬಳೇ ಬಾಯಿಬಿಟ್ಟು ಹೇಳಿದ್ಳು. ಅವತ್ತು ನಾನೂ ಇಲ್ಲೇ ಇದ್ದೆ. ನೀವು ಹೇಳಿದ್ರೆ ನಾನೂ ಹೇಳ್ತೀನಿ."

ಫೆಹಿಮೆ ತೊಟ್ಟಿಯನ್ನೇ ನೋಡುತ್ತ ಕುಳಿತಳು. ಚಹಾ ಆರಿಹೋಯಿತು.

ಮರುದಿನ ಕೋರ್ಟಿನಲ್ಲಿ ವೈಸಿ ಮುಂದಿನ ಸಾಲಿನಲ್ಲೇ ಕುಳಿತಿದ್ದ. ನ್ಯಾಯಾಧೀಶರು ಮೊದಲು ಹೇಳಿದರು: "ಇಷ್ಟವಿಲ್ಲದಿದ್ದರೆ ಸಾಕ್ಷಿ ಹೇಳಬೇಕಾಗಿಲ್ಲ ತಾಯಿ."

ಕಟಕಟೆಯಲ್ಲಿ ಮಗ ಬಡಕಲಾಗಿದ್ದ. ಅವನ ಅಂಗಿಯ ಕಾಲರು ಮಡಚಿಕೊಂಡಿತ್ತು; ಸರಿಮಾಡಲು ಫೆಹಿಮೆಯ ಕೈ ತುಡಿಯಿತು.

"ಹೇಳ್ತೀನಿ," ಎಂದಳು.

"ನಿಮ್ಮ ಮಗಳು ಅಣ್ಣನಿಗೆ ಏನು ಮಾಡಿದಳು?"

ವೈಸಿ ಕೆಮ್ಮಿದ.

"ಮೆಣಸಿನಕಾಯಿ ಸೀಳ್ತಾ ಇದ್ದಳು ಸ್ವಾಮಿ. ತಲೆ ಕೂಡ ಎತ್ತಲಿಲ್ಲ. 'ನಾನು ಅಲ್ಲಿಗೆ ಹೋಗಲ್ಲ ಅಣ್ಣಾ' ಅಂದ್ಳು. ಅಣ್ಣಾ ಅಂತಲೇ ಅಂದ್ಳು. ಉಗೀಲಿಲ್ಲ, ಬೈಯಲಿಲ್ಲ. ಅಷ್ಟೇ ಆಗಿದ್ದು."

ಮಹ್ಸುಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಫೆಹಿಮೆಯ ನಂತರ ಬೆಸ್ನಾಳ ಸರದಿ. ಅವಳ ದನಿ ತೀರ ಸಣ್ಣದಿತ್ತು, ಇನ್ನೊಮ್ಮೆ ಹೇಳಿ ಎಂದರು. ಅವಳು ಇನ್ನೊಮ್ಮೆ ಹೇಳಿದಳು.

ತೀರ್ಪು ಬಂದಾಗ ಕೆರಳಿಕೆಯ ರಿಯಾಯಿತಿ ಸಿಗಲಿಲ್ಲ. ಫೆಹಿಮೆ ಈಗ ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತಾಳೆ. ಮಗ ಕೆಲವು ಸಲ ಭೇಟಿಯ ಕೋಣೆಗೆ ಬರುತ್ತಾನೆ, ಕೆಲವು ಸಲ ಬರುವುದಿಲ್ಲ. ಅರ್ಜಿ ಕೊಟ್ಟ ಮೇಲೆ ಮಿಜ್ಗಿನ್ ಮದುವೆ ನಿಂತಿದೆ; ವೈಸಿ ಈ ಮನೆಗೆ ಕಾಲಿಡುವಂತಿಲ್ಲವೆಂದು ಆದೇಶವಾಗಿದೆ. ಆದರೂ ಬೀದಿಯಲ್ಲಿ ಬೂಟಿನ ಸದ್ದು ಕೇಳಿದರೆ ಫೆಹಿಮೆ, ಬೆಸ್ನಾ, ಮಿಜ್ಗಿನ್ ಮೂವರೂ ಮಾತು ನಿಲ್ಲಿಸುತ್ತಾರೆ. ಶಾಲೆಯ ಬಾಗಿಲವರೆಗೆ ಮಿಜ್ಗಿನ್ ಜೊತೆ ಜೆರಿಫೆ ಹೋಗುತ್ತಾಳೆ. "ನನಗೂ ನಾಲ್ಕಕ್ಷರ ಬರುತ್ತೆ ಬಿಡು," ಎಂದು ಹುಡುಗಿಯನ್ನು ನಗಿಸುತ್ತಾಳೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಣ್ಣಂದಿರೇ, ಮದುವೆ ಗೊತ್ತುಮಾಡುವ ಮೊದಲು ಹುಡುಗಿಯನ್ನು ಕೇಳಿ. ಬೇಡ ಎಂದರೆ ಅದೇ ಉತ್ತರ. ಅದು ಯಾರಿಗೂ ಮಾಡಿದ ಅವಮಾನವಲ್ಲ. ಪಕ್ಕದ ಮನೆಯ ಹುಡುಗಿಗೆ ಬಲವಂತ ನಡೆಯುತ್ತಿದ್ದರೆ ಇಂದೇ ಅವಳ ಶಿಕ್ಷಕಿಗೆ, ವಕೀಲರಿಗೆ, ಠಾಣೆಗೆ ತಿಳಿಸಿ. ಸತ್ತ ಹುಡುಗಿಯ ಬಾಯಿಗೆ ಅವಳು ಆಡದ ಮಾತು ತುರುಕಲು ಯಾರಾದರೂ ನಿಮ್ಮನ್ನು ಕರೆದರೆ ಹೋಗಬೇಡಿ. ನಿಮ್ಮ ಮನೆಯ ಮೂಲೆಯಲ್ಲೂ ಒಬ್ಬಳು ಮಿಜ್ಗಿನ್ ಕೂತಿರಬಹುದು. ನೀವು ಏನು ಹೇಳುತ್ತೀರೆಂದು ಅವಳು ಕೇಳಿಸಿಕೊಳ್ಳುತ್ತಿದ್ದಾಳೆ.