ಪುಟ ನೂರಹನ್ನೊಂದರವರೆಗೆ

ಒಂಬತ್ತನೇ ತರಗತಿ ಬಿ ವಿಭಾಗದ ನಲವತ್ತೊಂದು ಮಕ್ಕಳಿಗೆ ಓದಿದ್ದು ಅರ್ಥವಾಗುತ್ತಿರಲಿಲ್ಲ. ಅಕ್ಷರ ಬರುತ್ತಿತ್ತು. ಗಟ್ಟಿಯಾಗಿ ಓದು ಎಂದರೆ ಒಂದು ಪುಟವನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಏನು ಓದಿದೆ ಎಂದು ಕೇಳಿದರೆ ಮತ್ತೆ ಮೊದಲಿನಿಂದ ಓದಲು ಶುರು ಮಾಡುತ್ತಿದ್ದರು.

ಫಹ್ಮಿದಾ ಆ ಮಕ್ಕಳಿಗೆ ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿಯಾಗಿ ಸೇರಿದ್ದು ಜುಲೈನಲ್ಲಿ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ಕನ್ನಡ ಮಾಧ್ಯಮ ಶಾಲೆ. ಕಿಟಕಿಯಿಂದ ಕುರಿಕಾಲು ಸುಡುವ ವಾಸನೆ ಬೆಳಗಿನಿಂದ ಸಂಜೆವರೆಗೆ ಬರುತ್ತಿತ್ತು. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ವಾಸನೆ ಅನ್ನಿಸುತ್ತಲೇ ಇರಲಿಲ್ಲ. ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಮಕ್ಕಳ ಪುಸ್ತಕ.

ಪ್ರತಿ ಪುಸ್ತಕದಲ್ಲೂ ಪೆನ್ಸಿಲಿನ ಬ್ರಾಕೆಟ್‌ಗಳಿದ್ದವು. ಜೂನ್ ತಿಂಗಳ ಮೊದಲ ಎರಡು ವಾರ ಹಿರಿಯ ಶಿಕ್ಷಕ ಲಕ್ಷ್ಮಿಕಾಂತ ಪಾಠ ಮಾಡುತ್ತಿರಲಿಲ್ಲ, ಬ್ರಾಕೆಟ್ ಹಾಕಿಸುತ್ತಿದ್ದರು. ತಮ್ಮ ಹಳೆಯ ಪುಸ್ತಕ ಹಿಡಿದು, ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚುತ್ತ, "ಮೊದಲ್ನೇ ಪ್ರಶ್ನೆ, ಇಲ್ಲಿಂದ ಇಲ್ಲಿವರೆಗೆ. ಎರಡ್ನೇದು, ಇಲ್ಲಿಂದ ಇಲ್ಲಿವರೆಗೆ" ಎನ್ನುತ್ತಿದ್ದರು. ಬ್ರಾಕೆಟ್ಟಿನ ಒಳಗಿರುವುದನ್ನು ಬಾಯಿಪಾಠ ಮಾಡಬೇಕು. ಹೊರಗಿರುವುದು ಯಾರಿಗೂ ಬೇಕಿರಲಿಲ್ಲ. ವರ್ಷ ಮುಗಿದ ಮೇಲೂ ಬ್ರಾಕೆಟ್ಟಿನ ಸಾಲುಗಳು ಬೆರಳ ಗುರುತಿನಿಂದ ಕಪ್ಪಾಗಿರುತ್ತಿದ್ದವು, ಉಳಿದವು ಅಂಗಡಿಯಿಂದ ತಂದಷ್ಟೇ ಬೆಳ್ಳಗಿರುತ್ತಿದ್ದವು.

ಫಹ್ಮಿದಾ ಮುಖ್ಯೋಪಾಧ್ಯಾಯ ಕೆಂಪರಾಜ್ ಹತ್ತಿರ ವಾರಕ್ಕೊಂದು ಪೀರಿಯಡ್ ಕೇಳಿದಳು. ಬರೀ ಓದುವುದಕ್ಕೆ.

"ಗುರುವಾರ ಕೊನೇದು ತಗೊಳ್ಳಿ," ಎಂದರು ಕೆಂಪರಾಜ್. "ಆದ್ರೆ ಒಂದ್ ಮಾತು. ಅರ್ಧವಾರ್ಷಿಕದಲ್ಲಿ ಎ ಸೆಕ್ಷನ್‌ಗಿಂತ ನಿಮ್ಮವರು ಜಾಸ್ತಿ ಫೇಲ್ ಆದ್ರೆ ಅದನ್ನ ವಾಪಸ್ ತಗೋತೀನಿ. ಬಾಯಿಪಾಠಕ್ಕೆ ಕೊಡ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಅವಳು ಒಪ್ಪಿದಳು.

ಗುರುವಾರದ ಕೆಲಸ ಸರಳವಾಗಿತ್ತು. ಒಂದು ಪ್ಯಾರಾ ಓದು. ಪುಸ್ತಕ ಮುಚ್ಚು. ಏನಿತ್ತು ಅಂತ ಪಕ್ಕದವರಿಗೆ ಹೇಳು, ಮನೆಯ ಮಾತಲ್ಲಾದರೂ ಸರಿ. ಮೊದಲ ಮೂರು ವಾರ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಕೆಲವರು ದಖನಿ ಉರ್ದುವಿನಲ್ಲಿ, ಕೆಲವರು ಯಾದಗಿರಿ ಕಡೆಯ ಕನ್ನಡದಲ್ಲಿ ಶುರು ಮಾಡಿದರು. ತಪ್ಪು ಹೇಳಿದಾಗ ಫಹ್ಮಿದಾ "ಎಲ್ಲಿದೆ, ತೋರ್ಸು" ಎನ್ನುತ್ತಿದ್ದಳು. ಹುಡುಕಲೆಂದು ಅವರು ಮತ್ತೆ ಓದುತ್ತಿದ್ದರು.

ಎಂಟನೇ ಗುರುವಾರ ನಕ್ಷತ್ರಗಳ ಪಾಠ ಬಂತು. ಪ್ರಶ್ನೆ: ಗ್ರಹಗಳು ಏಕೆ ಮಿನುಗುವುದಿಲ್ಲ? ಬ್ರಾಕೆಟ್ ಇದ್ದದ್ದು ಪುಟ ನೂರಹನ್ನೊಂದರ ಕೊನೆಯ ಪ್ಯಾರಾಕ್ಕೆ.

ಎರಡನೇ ಬೆಂಚಿನ ರೇವತಿ ಎದ್ದು ನಿಂತಳು. ಜೋಗುಪಾಳ್ಯದ ಬಾಡಿಗೆ ಕೋಣೆಯಿಂದ ಬರುವ ಹುಡುಗಿ. ಅಮ್ಮ ಪೀರಮ್ಮ ಮೂರು ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ.

"ಮಿಸ್, ಇದು ಈ ಪ್ರಶ್ನೆಗೆ ಉತ್ರ ಅಲ್ಲ."

"ಬಂದ್ಲಪ್ಪ ಸೈಂಟಿಸ್ಟು," ಎಂದ ಹಿಂದಿನ ಬೆಂಚಿನ ಮೊಹ್ಸಿನ್.

"ನೀನು ಸುಮ್ನಿರೋ. ಯಾಕಲ್ಲ, ರೇವತಿ?"

"ಇದ್ರಾಗ ನಕ್ಷತ್ರ ಯಾಕ ಮಿನುಗತಾವ ಅಂತ ಐತ್ರಿ. ಗ್ರಹದ್ದು ಹಾಳಿ ಹಿಂದ ಐತಿ."

ಫಹ್ಮಿದಾ ಹಾಳೆ ಮಗುಚಿದಳು. ನೂರಹನ್ನೆರಡರ ಮೊದಲ ಪ್ಯಾರಾ, ಬ್ರಾಕೆಟ್ ಇಲ್ಲದ್ದು, ಗ್ರಹಗಳ ಬಗ್ಗೆ ಇತ್ತು. ಬ್ರಾಕೆಟ್ ಹಾಕಿದವರು ಪುಟದ ತುದಿಗೆ ಬಂದು ನಿಂತುಬಿಟ್ಟಿದ್ದರು. ಅವಳೂ ಆ ಬ್ರಾಕೆಟ್ಟನ್ನು ಎರಡು ತಿಂಗಳು ನೋಡಿದ್ದಳು, ಒಮ್ಮೆಯೂ ಅನುಮಾನ ಬಂದಿರಲಿಲ್ಲ.

"ಓದು. ಮುಚ್ಚು. ಹೇಳು."

ರೇವತಿ ಹೇಳುವ ಮೊದಲೇ ಮೊಹ್ಸಿನ್ ಬಾಯಿ ಹಾಕಿದ. ಅವನ ಅಪ್ಪನದು ಕಬಾಬಿನ ಗಾಡಿ. "ಮಿಸ್, ನಮ್ಮ ಅಬ್ಬಾ ಇದ್ಲು ಹೊತ್ತಿಸ್ದಾಗ ಅದ್ರ ಮೇಲಿಂದ ನೋಡಿದ್ರೆ ಆಚೆ ಕೊನೇಲಿರೋ ಸಣ್ಣ ಬಲ್ಬು ಮಿಣಮಿಣ ಅನ್ನುತ್ತೆ. ನಕ್ಷತ್ರ ಅದೇ ಅಲ್ವಾ?"

"ಹೂಂ. ಗ್ರಹ?"

"ಗ್ರಹ ಸೀರಿ ಅಂಗಡಿ ಲೈಟಿನ ಬೋರ್ಡ್ ಇದ್ದಂಗ್ರಿ," ಎಂದಳು ರೇವತಿ. "ಹತ್ರ ಐತಿ, ಅಗಲ ಐತಿ. ಒಂದ್ ಕಡಿ ಬೆಳಕು ಕಡಿಮಿ ಆದ್ರ ಇನ್ನೊಂದ್ ಕಡಿ ಹೆಚ್ಚ ಆಗ್ತದ. ಎಲ್ಲಾ ಕೂಡಿ ನೋಡಿದ್ರ ಮಿಣುಕಿದ್ದು ತಿಳಿಯಂಗಿಲ್ಲ."

ಅಂದು ಗಂಟೆ ಹೊಡೆದ ಮೇಲೂ ಕೆಲವರು ಪುಸ್ತಕದಲ್ಲಿ ಇನ್ನೆಲ್ಲಿ ಬ್ರಾಕೆಟ್ ತಪ್ಪಿದೆ ಎಂದು ಹುಡುಕುತ್ತ ಕೂತಿದ್ದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಮೂರು ಅಂಕಕ್ಕೆ. ಎರಡೂ ವಿಭಾಗದ ವಿಜ್ಞಾನ ಪತ್ರಿಕೆ ತಿದ್ದುವುದು ಲಕ್ಷ್ಮಿಕಾಂತರ ಪಾಲು. ಎ ವಿಭಾಗದ ಎಲ್ಲರೂ ನಕ್ಷತ್ರದ ಪ್ಯಾರಾ ಬರೆದಿದ್ದರು, ಮೂರಕ್ಕೆ ಮೂರು. ಬಿ ವಿಭಾಗದ ಇಪ್ಪತ್ಮೂರು ಮಕ್ಕಳು ಗ್ರಹದ ಬಗ್ಗೆ ಬರೆದಿದ್ದರು, ಸೊನ್ನೆ. ಎ ವಿಭಾಗದಲ್ಲಿ ಎಂಟು ಮಂದಿ ಫೇಲ್, ಬಿ ವಿಭಾಗದಲ್ಲಿ ಹದಿನಾಲ್ಕು. ಆ ಮೂರು ಅಂಕ ಸಿಕ್ಕಿದ್ದರೆ ಬಿಯಲ್ಲಿ ಫೇಲಾದವರು ಏಳೇ ಮಂದಿ ಆಗುತ್ತಿದ್ದರು. ರೇವತಿಗೆ ಹದಿಮೂರು ಬಂದಿತ್ತು. ಪಾಸಿಗೆ ಹದಿನಾಲ್ಕು ಬೇಕಿತ್ತು.

ಫಹ್ಮಿದಾ ಪುಸ್ತಕ ತೆಗೆದುಕೊಂಡು ಕೆಂಪರಾಜ್ ಕೋಣೆಗೆ ಹೋದಳು. ಲಕ್ಷ್ಮಿಕಾಂತ ಅಲ್ಲೇ ಟೀ ಕುಡಿಯುತ್ತಿದ್ದರು.

"ಸರ್, ಈ ಪುಟ ಒಂದ್ಸಲ ತಿರುಗ್ಸಿ ನೋಡಿ."

ಲಕ್ಷ್ಮಿಕಾಂತ ಹೆಬ್ಬೆರಳು ನೆಕ್ಕಿ ಹಾಳೆ ಮಗುಚಿದರು. ಓದಿದರು. ಹಿಂದಿನ ಪುಟಕ್ಕೆ ಬಂದು ಮತ್ತೆ ಓದಿದರು. ಅವರಿಗೆ ಅರ್ಥವಾಗಿದ್ದು ಅವರ ಕಿವಿಯಲ್ಲೇ ಕಾಣಿಸಿತು, ಕೆಂಪಾಯಿತು. ಅರ್ಥವಾಗದಿದ್ದರೆ ಫಹ್ಮಿದಾ ಕ್ಷಮಿಸುತ್ತಿದ್ದಳೇನೋ.

"ಹನ್ನೊಂದು ವರ್ಷದಿಂದ ಇದೇ ಉತ್ರ ಮೇಡಮ್," ಎಂದರು, ಪುಸ್ತಕ ಮುಚ್ಚುತ್ತ. "ಒಬ್ಬ ಪೇರೆಂಟ್ ಕೇಳಿಲ್ಲ. ಒಬ್ಬ ಇನ್‌ಸ್ಪೆಕ್ಟರ್ ಕೇಳಿಲ್ಲ."

"ಈಗ ಒಬ್ಳು ಹುಡುಗಿ ಕೇಳಿದಾಳಲ್ಲ ಸರ್."

"ಅವ್ಳಿಗೋಸ್ಕರ ಎ ಸೆಕ್ಷನ್‌ನವ್ರದ್ದೆಲ್ಲಾ ಮೂರ್ ಮೂರ್ ಅಂಕ ಕೀಳ್ಲಾ? ನಾಳೆ ಅವ್ರಪ್ಪಂದಿರು ಗೇಟ್ ಹತ್ರ ನಿಲ್ತಾರೆ. ನೀವು ಮಾತಾಡ್ತೀರಾ?" ಎಂದರು ಲಕ್ಷ್ಮಿಕಾಂತ.

"ಎರಡಕ್ಕೂ ಅಂಕ ಕೊಡಿ."

"ಒಂದ್ ಪ್ರಶ್ನೆಗೆ ಎರಡು ಉತ್ರ ಅಂತ ರಿಜಿಸ್ಟರ್‌ನಲ್ಲಿ ಬರೀಲಾ?" ಕೆಂಪರಾಜ್ ತಮ್ಮ ಟೀ ಲೋಟದಲ್ಲಿ ಬಿದ್ದಿದ್ದ ನೊಣವನ್ನು ಬೆರಳಿನಿಂದ ತೆಗೆದು ಪ್ಯಾಂಟಿಗೆ ಒರೆಸಿ, ಉಳಿದ ಟೀ ಕುಡಿದರು. "ಒಂದ್ ಕೆಲ್ಸ ಮಾಡೋಣ. ನಿಮ್ಮಲ್ಲಿ ಫೇಲಾದವರಿಗೆ ಅದೇ ಪೇಪರ್ ಇನ್ನೊಂದ್ಸಲ ಕೊಡೋಣ. ನೀವೇ ಹೇಳ್ಕೊಡಿ. ಬ್ರಾಕೆಟ್ ಪ್ರಕಾರ ಬರೀಲಿ, ಪಾಸಾಗ್ಲಿ. ಆ ಗುರುವಾರದ್ದು ಮಾತ್ರ ನಿಲ್ಸಿ."

ಫಹ್ಮಿದಾಳ ಕೆಲಸದ ಕರಾರು ಮಾರ್ಚ್‌ವರೆಗೆ ಇತ್ತು, ಮುಂದಿನದು ಕೆಂಪರಾಜ್ ಕೈಯಲ್ಲಿತ್ತು. ಅದನ್ನು ಯಾರೂ ನೆನಪಿಸಲಿಲ್ಲ. ಅವಳೇ ನೆನಪಿಸಿಕೊಂಡಳು, ಪುಸ್ತಕ ಎತ್ತಿಕೊಂಡು ಹೊರಬಂದಳು.

ಮರುದಿನ ಪೀರಮ್ಮ ಬಂದಳು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ಕೈಯಲ್ಲಿ ಸೋಪಿನ ವಾಸನೆ ಇತ್ತು.

"ಅಕಿ ಏನ್ ತಪ್ಪ್ ಬರದಾಳ್ರಿ, ಮೇಡಮ್ಮೋರೆ?"

"ತಪ್ಪು ಬರೆದಿಲ್ಲಮ್ಮ."

"ಮತ್ಯಾಕ ಫೇಲ್ ಆದಳ್ರಿ?"

ಫಹ್ಮಿದಾ ಪತ್ರಿಕೆಯಲ್ಲಿದ್ದ ಸೊನ್ನೆಯನ್ನು ತೋರಿಸಿದಳು. ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮಗ ಹೆಂಗ ಬೇಕ ಹಂಗ ಬರೀ ಅಂತ ಹೇಳ್ರಿ. ಅಕಿ ಬರೀತಾಳ. ಜಾಣಿ ಅದಾಳ."

ಶನಿವಾರ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಫಹ್ಮಿದಾ ಪುಸ್ತಕ ತೆಗೆಸಿದಳು. "ನೂರಹನ್ನೊಂದು. ಕೊನೇ ಪ್ಯಾರಾ. ಇಲ್ಲಿಂದ ಇಲ್ಲಿವರೆಗೆ." ಅದು ಲಕ್ಷ್ಮಿಕಾಂತರ ದನಿಯ ಹಾಗೇ ಕೇಳಿಸಿತು.

ಸೋಮವಾರ ರೇವತಿ ನಕ್ಷತ್ರದ ಪ್ಯಾರಾವನ್ನು ಒಂದು ಒತ್ತಕ್ಷರವೂ ತಪ್ಪದೆ ಬರೆದಳು. ಮೂರಕ್ಕೆ ಮೂರು. ಒಟ್ಟು ಹದಿನಾರು, ಪಾಸು.

ಪತ್ರಿಕೆ ಕೊಡುವಾಗ ಫಹ್ಮಿದಾ ಮೆಲ್ಲಗೆ ಕೇಳಿದಳು. "ಗ್ರಹ ಯಾಕೆ ಮಿನುಗಲ್ಲ ಅಂತ ನೆನಪಿದ್ಯಾ?"

ರೇವತಿ ಅವಳ ಮುಖ ನೋಡಿದಳು. ಇದು ಯಾವ ಪರೀಕ್ಷೆಗೆ ಎಂದು ಅಂದಾಜು ಮಾಡುವವಳ ಹಾಗೆ.

"ಬ್ರಾಕೆಟ್ನಾಗಿಂದ ಹೇಳ್ಲ್ಯಾ ಮಿಸ್, ಹಾಳಿ ಹಿಂದಿಂದಾ?"

"ನಿಂಗೆ ಗೊತ್ತಿರೋದು."

ಹುಡುಗಿ ಕಣ್ಣು ಮುಚ್ಚಿ, ಕೈಕಟ್ಟಿ, ಬ್ರಾಕೆಟ್ಟಿನೊಳಗಿನದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

ಹೋದದ್ದು ಗುರುವಾರದ ಒಂದು ಪೀರಿಯಡ್, ಇಪ್ಪತ್ಮೂರು ಸರಿಯುತ್ತರ, ಮತ್ತು ನಲವತ್ತೊಂದು ಪುಸ್ತಕಗಳಲ್ಲಿ ಇನ್ನು ಯಾರೂ ಓದದ ತಲಾ ಒಂದು ಪುಟ, ನೂರಹನ್ನೆರಡು.