ಗುಲಾಮನ ಮುಖದ ದಸ್ತರ್‌ಖಾನ್

ನನ್ನ ತಮ್ಮ ಗುಲಾಮ್ ಮೊಹಿದ್ದೀನನಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದ್ದು ವಾರ್ಡ್ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿದ ಮೇಲೆ. ಅಲ್ಲಿಯವರೆಗೆ ತರೀಕೆರೆಯಲ್ಲಿ ಮರ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬೀದಿ ಕೊನೆಯ ಮಸೀದಿಗೂ ಬೈಕಿನಲ್ಲೇ ಹೋಗುವ ಮಹಾಶಯ ಈಗ ಮೈಕು ಹಿಡಿದು, ಸೈಕಲ್ ತುಳಿಯಿರಿ ಅಂತ ಊರಿಗೆಲ್ಲ ಉಪದೇಶ ಮಾಡುತ್ತಾನೆ. ಥೂ, ಇವನ ಜನ್ಮಕ್ಕಿಷ್ಟು!

ನಮ್ಮ ಬೀದಿಯಲ್ಲಿ ಯಾರ ಮನೆಯ ನಿಕಾಹ್ ಆದರೂ ಊಟಕ್ಕೆ ಹಾಸುತ್ತಿದ್ದದ್ದು ನಮ್ಮ ಅಮ್ಮಿ ಹೊಲಿದ ದಸ್ತರ್‌ಖಾನ್. ಗಟ್ಟಿ ಕೆಂಪು ಬಟ್ಟೆ. ಅಂಗಳದುದ್ದ ಹಾಸಿದರೆ ಎರಡೂ ಬದಿ ಜನ ಕೂತು, ಅದರ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಮೂಳೆ ಹಾಕುವುದೂ ಅದರ ಮೇಲೇ. ಆಮೇಲೆ ಹೆಂಗಸರೆಲ್ಲ ಸೇರಿ ಒಗೆದು ಒಣಗಿಸಿದರೆ ಮುಂದಿನ ಮದುವೆಗೆ ಸಿದ್ಧ.

ಗುಲಾಮನ ಮಗಳು ಮದೀಹಾ ಅತ್ತೆಯಾದ ನನ್ನ ಮುಂದೆ ಹಿಡಿದದ್ದು ಒಂದೇ ಹಟ. "ಫುಪ್ಪು, ನನ್ ಮದುವೇಲಿ ದಾದಿ ದಸ್ತರ್‌ಖಾನೇ ಹಾಸ್ಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ್ರೆ ನಾನು ಊಟಕ್ಕೇ ಕೂರಲ್ಲ." ದಾದಿ, ಅಂದರೆ ಅವಳ ಅಜ್ಜಿ ನಮ್ಮ ಅಮ್ಮಿ, ಹಾಸಿಗೆ ಹಿಡಿದಾಗ ಬಾಯಿಗೆ ಗಂಜಿ ಹಾಕಿದವಳು ಅವಳು. ದಾದಿಯದ್ದು ಅಂತ ಅವಳಿಗೆ ಉಳಿದಿದ್ದು ಆ ಬಟ್ಟೆಯೊಂದೇ.

ಮದುವೆಗೆ ವಾರವಿದೆ ಎನ್ನುವಾಗ ಗುಲಾಮನ ಮನೆಯ ಟ್ರಂಕು ತೆಗೆದೆ. ಒಳಗೆ ನುಸಿಗುಳಿಗೆ ಬಿಟ್ಟರೆ ಏನೂ ಇಲ್ಲ.

"ದಸ್ತರ್‌ಖಾನ್ ಎಲ್ಲೋ?"

"ಅದಾ ಆಪಾ? ಪರಿಸರ ದಿನಕ್ಕೆ ಬಟ್ಟೆ ಚೀಲ ಹೊಲಿಸ್ಬಿಟ್ಟೆ. ಬೀದಿಗೆಲ್ಲ ಹಂಚಾಯ್ತು. ಸುಮ್ನೆ ಬಿದ್ದಿತ್ತಲ್ಲ, ಮರುಬಳಕೆ ಮಾಡ್ದೆ."

ಪರಿಸರ ದಿನದ ಹೊತ್ತಿಗೆ ಮದೀಹಾ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಳು, ನಾನು ಅಜ್ಜಂಪುರದಲ್ಲಿ ಮಗಳ ಬಾಣಂತನದಲ್ಲಿದ್ದೆ. ಕೇಳುವವರಿಲ್ಲದ ಹೊತ್ತು ನೋಡಿ ಕತ್ತರಿ ಆಡಿಸಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಲೇ, ಈ ಬೀದೀಲಿ ಎಸೀದೆ ಬಳಸ್ತಿದ್ದದ್ದು ಅದೊಂದೇ ಕಣೋ! ಅದನ್ನೇ ಕತ್ತರಿಸಿ ಪರಿಸರ ಉಳಿಸ್ದಾ? ತಲೇಲಿ ಏನು ಸಗಣಿ ಇದ್ಯಾ?"

"ಯಾಕೆ ಕೂಗಾಡ್ತೀಯಾ? ಪ್ಲಾಸ್ಟಿಕ್ ರೋಲ್ ತರ್ಸಿದೀನಿ. ಹಾಸೋದು, ಸುತ್ತೋದು, ಎಸಿಯೋದು. ಹಳೇ ಬಟ್ಟೆ ನೋಡಿದ್ರೆ ಕಡೂರಿನ ಬೀಗರು ಏನಂದ್ಕೋತಾರೆ?"

ಬಾಗಿಲಲ್ಲಿ ನಿಂತು ಕೇಳಿದ ಮದೀಹಾ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಅನ್ನಿಸಿಕೊಂಡವನು ಫೋನು ತೆಗೆದು ಹೊರಗೆ ಹೋದ.

ನಾನು ಮನೆಮನೆ ಹತ್ತಿ ಇಳಿದೆ. ಆ ಚೀಲಗಳಲ್ಲಿ ಒಬ್ಬರು ಬೆಳ್ಳುಳ್ಳಿ ತುಂಬಿದ್ದರು, ಇನ್ನೊಬ್ಬರು ಹಳೆ ಚಪ್ಪಲಿ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಗುಲಾಮನ ಮುಖ, ಹಲ್ಲು ಕಿರಿದು ನಗುತ್ತಾ. ಕೆಳಗೆ "ಪ್ಲಾಸ್ಟಿಕ್ ಬಿಡಿ". ವಿಷಯ ತಿಳಿದು ಹೆಂಗಸರು ತಾವೇ ಕೂತು ಹೊಲಿಗೆ ಬಿಚ್ಚಿ ಕೊಟ್ಟರು. ಮದೀಹಾ ಒಗೆದು ಇಸ್ತ್ರಿ ಮಾಡಿದಳು, ನಾನು ಮಷೀನಿನಲ್ಲಿ ತುಂಡಿಗೆ ತುಂಡು ಜೋಡಿಸಿದೆ.

ನಿಕಾಹ್ ದಿನ ಪ್ಲಾಸ್ಟಿಕ್ ರೋಲನ್ನು ಅಟ್ಟಕ್ಕೆ ಎಸೆದು ಅಂಗಳದುದ್ದ ದಸ್ತರ್‌ಖಾನ್ ಹಾಸಿಸಿದೆ. ಈ ತುದಿಯಿಂದ ಆ ತುದಿವರೆಗೆ ಗುಲಾಮನೇ ಗುಲಾಮ. ಅವನು ಓಡಿ ಬಂದ.

"ಆಪಾ, ನಿನ್ ಕಾಲಿಗೆ ಬೀಳ್ತೀನಿ, ಮಗುಚಿ ಹಾಸ್ಸೇ!"

"ಹಿಂದ್ಗಡೆ ಬರೀ ಹೊಲಿಗೆ ಕಣೋ. ಕಡೂರಿನ ಬೀಗರು ಏನಂದ್ಕೋತಾರೆ?"

ಬೀಗರು ಕೂತರು. ಗಂಡಿನ ಅಪ್ಪ ಮೂಳೆ ಚೀಪಿ, ತಟ್ಟೆಯ ಪಕ್ಕ ಹಾಕಲು ಹೋಗಿ ಬಗ್ಗಿ ನೋಡಿದರು. "ಇದು ನೀವೇ ಅಲ್ವಾ ಬೀಗ್ರೇ?" ಎಂದು ಕೇಳಿ, ಮೂಳೆಯನ್ನು ಚಿತ್ರದ ಮೀಸೆಯ ಮೇಲೇ ಇಟ್ಟರು. ಗುಲಾಮ ಬಿರಿಯಾನಿ ಬಡಿಸುವ ನೆಪದಲ್ಲಿ ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

ಗಂಡಸರ ಪಂಕ್ತಿ ಮುಗಿದು ಹೆಂಗಸರು ಕೂತಾಗ ಮದೀಹಾ ದಾದಿ ಕೈಯಾರೆ ಹೊಲಿದಿದ್ದ ಅಂಚನ್ನು ಹುಡುಕಿ, ಅದನ್ನು ಮಂಡಿ ಮೇಲೆ ಎಳೆದುಕೊಂಡು ಮೊದಲ ತುತ್ತು ಉಂಡಳು.

ಮರುದಿನ ಹೆಂಗಸರೆಲ್ಲ ಸೇರಿ ಒಗೆದೆವು. ಸಾರಿನ ಕಲೆ ಹೋಯಿತು, ಜಿಡ್ಡು ಹೋಯಿತು. ಗುಲಾಮನ ಮುಖ ಹೋಗಲಿಲ್ಲ, ಒಳ್ಳೆ ಗಟ್ಟಿ ಬಣ್ಣವನ್ನೇ ಹಾಕಿಸಿದ್ದಾನೆ. ಮುಂದಿನ ತಿಂಗಳು ಪಕ್ಕದ ಮನೆಯಲ್ಲಿ ನಿಕಾಹ್ ಇದೆ. ಊಟಕ್ಕೆ ಅದನ್ನೇ ಹಾಸುತ್ತೇವೆ.