ಬ್ಲಡ್‌ವುಡ್ ಹಳ್ಳದಿಂದ ಹಿಂದಕ್ಕೆ

ಒಳ್ಳೇ ಡಾಂಬರು ರಸ್ತೆ ಸಿಗಲಿ, ಸ್ಟೀರಿಂಗ್ ನಿನ್ನ ಕೈಗೇ ಕೊಡ್ತೀನಿ ಎಂದು ಗಾರ್ತ್ ಹ್ಯಾಡ್ರಿಕ್ ಹೆಂಡತಿ ಲಿಯೋನಿಗೆ ಮಾತು ಕೊಟ್ಟು ಅವತ್ತಿಗೆ ಹನ್ನೊಂದು ದಿನ. ಅಡಿಲೇಡ್ ಬಿಟ್ಟಾಗ ಡಾಂಬರು ಬೇಕಾದಷ್ಟಿತ್ತು; ಆಗ ‘ಲಾರಿ ಜಾಸ್ತಿ’ ಅಂದ. ಲಾರಿ ಕಡಿಮೆಯಾದ ಕಡೆ ‘ಗಾಳಿ ಜೋರು’ ಅಂದ. ಮರೀ ಊರು ದಾಟಿದ ಮೇಲೆ ಡಾಂಬರೇ ಮುಗಿದುಹೋಯಿತು. ಇನ್ನು ಆರುನೂರು ಕಿಲೋಮೀಟರ್ ಬರೀ ಕೆಂಪು ಮಣ್ಣು. ಕೊಟ್ಟ ಮಾತು ಉಳಿಸಿಕೊಳ್ಳದೆಯೂ ತಪ್ಪದ ಹಾಗೆ ನೋಡಿಕೊಳ್ಳುವುದರಲ್ಲಿ ಗಾರ್ತ್‌ನನ್ನು ಮೀರಿಸುವವರಿಲ್ಲ.

ಲಿಯೋನಿಗೆ ಬೇಕಾಗಿದ್ದುದು ಅದೊಂದೇ: ಮಂಚ, ಒಲೆ ಎಲ್ಲ ಇರುವ ಇಪ್ಪತ್ತೊಂದು ಅಡಿಯ ಕ್ಯಾರವಾನನ್ನು ಹಿಂದೆ ಕಟ್ಟಿಕೊಂಡು ಈ ದಾರಿಯಲ್ಲಿ ತಾನು ಗಾಡಿ ಓಡಿಸಬೇಕು. ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಹೊಲದಲ್ಲಿ ಗೋಧಿ ತುಂಬಿದ ಟ್ರೇಲರನ್ನು ಹಿಂದುಹಿಂದಕ್ಕೆ ಕಣಜದ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ ಹುಡುಗಿ ಅವಳು. ಹಾಗೆಂದರೆ ಗಾರ್ತ್ ನಗುತ್ತಿದ್ದ. “ಅದು ಟ್ರೇಲರ್, ಲೀ. ಇದು ಮನೆ.”

ಅವಳ ಪಾಲಿಗೆ ಬಂದದ್ದು ಸಂಜೆಯ ಕೆಲಸ. ಕ್ಯಾರವಾನ್ ಪಾರ್ಕುಗಳಲ್ಲಿ ಮೊದಲೇ ಬಂದ ಗಂಡಸರು ಮಡಚು ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬಿಯರ್ ಹಿಡಿದು, ಹೊಸಬರು ಗಾಡಿ ಹಿಂದಕ್ಕೆ ಹಾಕುವ ಚೆಂದ ನೋಡಲು ಕೂತಿರುತ್ತಾರೆ. ಅವರಿಗೆ ಅದಕ್ಕಿಂತ ದೊಡ್ಡ ತಮಾಷೆ ಇಲ್ಲ. ಗಂಡ ಸ್ಟೀರಿಂಗ್ ಹಿಡಿಯಬೇಕು, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡಬೇಕು. ಅದು ಬದಲಾದದ್ದನ್ನು ಕಂಡವರು ಕಡಿಮೆ. ಗಾಡಿ ಸರಿಯಾಗಿ ನಿಂತರೆ ಗಂಡ ಗಟ್ಟಿಗ. ನಲ್ಲಿಗೆ ಗುದ್ದಿದರೆ ಹೆಂಡತಿಯ ಸನ್ನೆ ಸರಿಯಿಲ್ಲ. ಹನ್ನೊಂದು ದಿನದಲ್ಲಿ ಗಾರ್ತ್ ಎರಡು ನಲ್ಲಿ, ಒಂದು ಕಸದ ಡಬ್ಬಿಗೆ ಗುದ್ದಿದ್ದ. ಮೂರೂ ಸಲ ಲಿಯೋನಿಯ ಕೈಯದೇ ತಪ್ಪು.

ಆದರೂ ಅವತ್ತು ಬೆಳಿಗ್ಗೆ ಗಾಡಿಯೊಳಗೆ ಯಾರಿಗೂ ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ. ಕಾಟಿ ಥಂಡಾ ಕೆರೆ ತುಂಬುತ್ತಿತ್ತು! ವರ್ಷಗಟ್ಟಲೆ ಬರೀ ಉಪ್ಪಿನ ಬಯಲಾಗಿ ಬಿದ್ದಿರುವ ಕೆರೆ. ಎಲ್ಲೋ ದೂರದ ಮಳೆಯ ನೀರು ತಿಂಗಳುಗಟ್ಟಲೆ ಹರಿದು ಬಂದು ಅದನ್ನು ಸಮುದ್ರ ಮಾಡಿಬಿಟ್ಟಿತ್ತು. ಗಾರ್ತ್‌ನ ತಾಯಿ ಈನಿಡ್‌ಗೆ ಎಪ್ಪತ್ತನಾಲ್ಕು ವರ್ಷ. ಒಂದು ಸಲವೂ ಆ ಕೆರೆಯಲ್ಲಿ ನೀರು ಕಂಡವಳಲ್ಲ. ಒಂಬತ್ತು ವರ್ಷದ ಮೊಮ್ಮಗಳು ಬ್ರೈಡಿಯ ಜೊತೆ ಹಿಂದಿನ ಸೀಟಿನಲ್ಲಿ ಕೂತು, ಅವಳಷ್ಟೇ ಕುಣಿಯುತ್ತಿದ್ದಳು.

“ಅಜ್ಜಿ, ಪೆಲಿಕನ್ ಹಕ್ಕಿ! ಅಗೋ, ನಾಲ್ಕು!”

“ನಾಲ್ಕಲ್ಲ ಕಣೇ, ಆರು. ನಿನ್ನ ಕಣ್ಣಿಗೇನಾಗಿದೆ? ಗಾರ್ತ್, ಸ್ವಲ್ಪ ಕಾಲು ಒತ್ತೋ. ನಾನು ಸತ್ತ ಮೇಲೆ ಕರ್ಕೊಂಡು ಹೋಗ್ತೀಯಾ?”

ಹೀಗೆ ಬ್ಲಡ್‌ವುಡ್ ಹಳ್ಳ ಬಂತು. ರಸ್ತೆ ಒಂದೇ ಗಾಡಿಯ ಅಗಲಕ್ಕೆ ಕಿರಿದಾಗಿ, ಎರಡೂ ಕಡೆ ಮಣ್ಣಿನ ಗೋಡೆಗಳ ನಡುವೆ ಬಾಗಿ ಇಳಿಯುತ್ತಿತ್ತು. ಕೆಳಗೆ ನಲವತ್ತು ಹೆಜ್ಜೆ ಅಗಲದ ನೀರು, ಪಾದ ಮುಳುಗುವಷ್ಟು. ಆಚೆ ದಡದ ಮೇಲೆ ನಾಲ್ಕು ಕ್ಯಾರವಾನು, ಮರದ ನೆರಳಲ್ಲಿ ಕುರ್ಚಿಗಳು, ಕುರ್ಚಿಗಳಲ್ಲಿ ಗಂಡಸರು.

ಇಂಥಲ್ಲಿ ಗಾಡಿಯನ್ನು ಮೇಲೆಯೇ ನಿಲ್ಲಿಸಿ, ನಡೆದುಹೋಗಿ ನೀರು ನೋಡಿ, ಆಮೇಲೆ ಇಳಿಸಬೇಕು. ಆ ದಾರಿಯಲ್ಲಿ ಓಡಾಡುವ ಕೂಸಿಗೂ ಗೊತ್ತು. ಗಾರ್ತ್‌ಗೂ ಗೊತ್ತು. ಆದರೆ ಕುರ್ಚಿಯವರು ನೋಡುತ್ತಿದ್ದರಲ್ಲ! ಮೇಲೆ ನಿಲ್ಲಿಸಿದರೆ ಪುಕ್ಕಲ ಅಂದುಕೊಂಡಾರೆಂದು ನೇರ ನೀರಿನ ಅಂಚಿಗೇ ತಂದು ನಿಲ್ಲಿಸಿದ.

“ಗಾರ್ತ್, ಮೇಲೇ ನಿಲ್ಲಿಸಬೇಕಿತ್ತು,” ಎಂದಳು ಲಿಯೋನಿ.

“ಎರಡು ನಿಮಿಷ ಅಷ್ಟೇ. ನೋಡ್ಕೊಂಡು ಬಂದೆ.” ಅಂಗಿ ತೆಗೆದು ಸೀಟಿನ ಮೇಲೆಸೆದ. ಚಡ್ಡಿ, ಹ್ಯಾಟಿನಲ್ಲೇ ನೀರಿಗಿಳಿದು ದಾಟಿದ.

ಮುಗಿಯಿತು. ಆ ಕಡೆ ಹೋದವನನ್ನು ಒಬ್ಬ ಗಡ್ಡದವ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ: “ಟೈರಲ್ಲಿ ಎಷ್ಟು ಗಾಳಿ ಇಟ್ಟಿದ್ದೀಯ, ಮಾರಾಯ?”

ಈ ಪ್ರಶ್ನೆ ಕೇಳಿದ ಮೇಲೆ ಆ ದಾರಿಯ ಗಂಡಸು ಮನೆ ಮಠ ಎಲ್ಲ ಮರೆಯುತ್ತಾನೆ. ಮುಂದಿನ ಚಕ್ರಕ್ಕೆ ಇಪ್ಪತ್ತೆಂಟು ಪೌಂಡು ಅಂತ ಇವನು, ಇಪ್ಪತ್ತಾರಾದರೆ ಮೆತ್ತಗೆ ಹೋಗುತ್ತೆ ಅಂತ ಅವನು, ಕ್ಯಾರವಾನಿಗೆ ಮೂವತ್ತೆರಡು ಜಾಸ್ತಿಯಾಯ್ತು ಅಂತ ಇನ್ನೊಬ್ಬ. ಕೈಗೆ ಟೀ ಲೋಟ ಬಂತು. ಎಲ್ಲರೂ ಸೇರಿ ಬಗ್ಗಿ ಯಾರದೋ ಚಕ್ರ ನೋಡಿದರು. ಎರಡು ನಿಮಿಷ ಇಪ್ಪತ್ತಾಯಿತು.

ನೀರಿನ ಬಣ್ಣ ಬದಲಾದದ್ದನ್ನು ಮೊದಲು ಕಂಡವಳು ಬ್ರೈಡಿ. “ಅಮ್ಮ, ಟೀ ಥರ ಆಯ್ತು.”

ಲಿಯೋನಿ ನೋಡಿದಳು. ತಲೆಯ ಮೇಲೆ ಆಕಾಶ ಚೊಕ್ಕ ನೀಲಿ, ಒಂದು ಮೋಡವಿಲ್ಲ. ಆದರೆ ಹಳ್ಳದ ನೀರು ನೊರೆ, ಕಡ್ಡಿ, ಎಲೆ ಹೊತ್ತುಕೊಂಡು ಬರುತ್ತಿತ್ತು. ಆಗ ನೀರಿನ ಮೇಲೆ ಕಾಣುತ್ತಿದ್ದ ಒಂದು ಬಿಳಿ ಕಲ್ಲು ಈಗ ಇಲ್ಲ. ಮೇಲ್ಗಡೆ ಎಲ್ಲೋ ರಾತ್ರಿ ಮಳೆ ಹುಯ್ದಿದೆ! ಅವಳು ಪಕ್ಕದ ಸೀಟಿನ ಕಡೆ ಬಾಗಿ ಹಾರನ್ ಒತ್ತಿದಳು.

ಆಚೆ ದಡದಲ್ಲಿ ಚಕ್ರದ ಸುತ್ತ ಬಗ್ಗಿದ್ದವರೆಲ್ಲ ಒಟ್ಟಿಗೆ ಎದ್ದರು. ಗಾರ್ತ್ ನೀರಿನ ಹತ್ತಿರ ಓಡಿ ಬಂದು, ಮೊಣಕಾಲಿನವರೆಗೆ ಇಳಿದು, ತೂರಾಡಿ, ಹಿಂದಕ್ಕೆ ಹೋದ. ಗಡ್ಡದವನ ಗಾಡಿಯ ವಯರ್‌ಲೆಸ್‌ನಿಂದ ಗಾರ್ತ್‌ನ ಧ್ವನಿ ಲಿಯೋನಿಯ ಗಾಡಿಯ ವಯರ್‌ಲೆಸ್‌ಗೆ ಬಂತು.

“ಲೀ! ಕೇಳಿಸ್ತಾ? ದಾಟಿಬಿಡು! ಈಗಲೇ! ನೇರ ನನ್ನನ್ನೇ ನೋಡ್ಕೊಂಡು ಬಾ, ನಾನು ಕೈ ಮಾಡ್ತೀನಿ!”

ಲಿಯೋನಿ ಆಗಲೇ ಚಾಲಕನ ಸೀಟಿಗೆ ಜರುಗಿದ್ದಳು. ಹನ್ನೊಂದು ದಿನ ಕಾದ ಸೀಟು ಇಂಥ ಹೊತ್ತಿನಲ್ಲಿ ಸಿಕ್ಕಿತಲ್ಲ ದೇವರೇ! ಎದುರಿಗೆ ಮೊಣಕೈ ದಪ್ಪದ ಕೊಂಬೆಯೊಂದು ಗಿರಗಿರನೆ ತಿರುಗುತ್ತಾ ಹೋಯಿತು.

“ದಾಟಲ್ಲ,” ಎಂದಳು. “ಹಿಂದಕ್ಕೆ ತಗೋತೀನಿ.”

“ಹಿಂದಕ್ಕಾ? ಆ ತಿರುವಲ್ಲಾ? ತಲೆ ಕೆಟ್ಟಿದ್ಯಾ? ನನ್ನಿಂದಾನೇ ಆಗಲ್ಲ ಅದು!”

“ಅದು ಗೊತ್ತು,” ಎಂದು ಲಿಯೋನಿ ವಯರ್‌ಲೆಸ್ ಆರಿಸಿದಳು.

ಹಿಂದಿನ ಸೀಟಿನಿಂದ ಈನಿಡ್ ಹೇಳಿದಳು, “ನನ್ನ ಮಗನ ಬಾಯಿ ಹೀಗೂ ಮುಚ್ಚಿಸಬಹುದು ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಈನಿಡ್, ಬ್ರೈಡಿಯನ್ನ ಕರ್ಕೊಂಡು ಇಳೀರಿ. ಮೇಲಕ್ಕೆ ಹೋಗಿ.”

“ಮಗು ಹೋಗ್ಲಿ. ನಾನು ಹಿಂದೆ ನಿಂತು ಕೈ ತೋರಿಸ್ತೀನಿ.”

“ಕೈ ಬೇಡ. ಯಾರ ಕೈಯೂ ಬೇಡ. ನೀವೂ ಮೇಲೇ ನಿಂತ್ಕೊಳ್ಳಿ. ಕ್ಯಾರವಾನು ಗೋಡೆಗೆ ತಾಗೋ ಹಾಗಿದ್ರೆ ಮಾತ್ರ ಕಿರುಚಿ.”

“ಕಿರುಚೋದಾ? ಅದಕ್ಕೇನು!” ಮುದುಕಿ ಮೊಮ್ಮಗಳ ಕೈ ಹಿಡಿದು, ವಯಸ್ಸು ಮರೆತವಳಂತೆ ದಿಬ್ಬ ಹತ್ತಿದಳು.

ಲಿಯೋನಿ ರಿವರ್ಸ್ ಗೇರ್ ಹಾಕಿದಳು. ಕೈಯನ್ನು ಸ್ಟೀರಿಂಗ್‌ನ ಕೆಳಭಾಗಕ್ಕೆ ತಂದಳು. ಕೆಳಗೆ ಹಿಡಿದರೆ ಕೈ ಹೋದ ಕಡೆಗೇ ಹಿಂದಿನ ಗಾಡಿ ಹೋಗುತ್ತದೆ. ಅಪ್ಪ ಹೇಳಿಕೊಟ್ಟದ್ದು ಇಷ್ಟೇ. ಕೈ ಎಡಕ್ಕೆ, ಬಾಲ ಎಡಕ್ಕೆ. ಕನ್ನಡಿಯಲ್ಲಿ ಕ್ಯಾರವಾನಿನ ಮೂಲೆ ಕೆಂಪು ಗೋಡೆಯ ಪಕ್ಕದಲ್ಲೇ ಮೆಲ್ಲಗೆ ಸರಿಯಿತು. ಹತ್ತು ಹೆಜ್ಜೆ. ಇಪ್ಪತ್ತು. ಬರುತ್ತಿದೆ, ಬರುತ್ತಿದೆ! ಅವಳಿಗೆ ನಗು ಬಂದುಬಿಟ್ಟಿತು.

ಆ ನಗುವಿನಲ್ಲೇ ಕೈ ಒಂದಿಷ್ಟು ಹೆಚ್ಚು ಸರಿಯಿತು.

“ಗೋಡೆ! ಗೋಡೆ! ಲಿಯೋನಿ, ಗೋಡೇ!” ಈನಿಡ್ ಕಿರುಚಿದ ಸದ್ದಿಗೆ ಆಚೆ ದಡದವರೂ ಬೆಚ್ಚಿರಬೇಕು.

ಬ್ರೇಕ್ ಹಾಕಿದಳು. ಕ್ಯಾರವಾನು ಮುರಿದ ಮೊಣಕೈಯಂತೆ ಅಡ್ಡ ನಿಂತಿತ್ತು. ಇನ್ನು ಒಂದು ಗೇಣು ಹಿಂದೆ ಹೋದರೂ ಅದರ ಮೂತಿ ಕಾರಿನ ಬೆನ್ನಿಗೆ ಕೂರುತ್ತದೆ, ಎರಡೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ನೆಟ್ಟಗಾಗಬೇಕಾದರೆ ಮುಂದಕ್ಕೆ ಹೋಗಲೇಬೇಕು. ಮುಂದೆ ಏನಿದೆ? ನೀರು. ಅವಳು ಬಿಟ್ಟುಬಂದ ಜಾಗವನ್ನೆಲ್ಲ ನುಂಗಿಕೊಂಡು ಅದೂ ಹಿಂದೆಯೇ ಹತ್ತಿ ಬಂದಿತ್ತು.

ಬಿಟ್ಟು ಇಳಿದು ಓಡಿದರೆ ಜನ ಉಳಿಯುತ್ತದೆ, ಕ್ಯಾರವಾನು ಹೋಗುತ್ತದೆ. ಹೋದರೆ ಯಾರೂ ಬೈಯುವುದಿಲ್ಲ. ಹೆಂಗಸು ಪಾಪ, ಏನು ಮಾಡಿಯಾಳು ಎನ್ನುತ್ತಾರೆ. ಆ ‘ಪಾಪ’ ನೆನೆದದ್ದೇ ಲಿಯೋನಿಗೆ ಮೈಯೆಲ್ಲ ಉರಿಯಿತು. ಗೇರ್ ಬದಲಿಸಿ ಮುಂದಕ್ಕೆ ಬಿಟ್ಟಳು.

“ಅಮ್ಮಾ, ಆ ಕಡೆ ಅಲ್ಲ!” ಬ್ರೈಡಿ ಮೇಲಿಂದ ಕೂಗಿದಳು.

ಮುಂದಿನ ಚಕ್ರ ನೀರಿಗಿಳಿಯಿತು. ಇನ್ನೂ ನೆಟ್ಟಗಾಗಿಲ್ಲ. ಇನ್ನೊಂದು ಮಾರು. ನೀರು ಬಾಗಿಲಿನ ಕೆಳಗೆ ಬಡಿಯಿತು, ಗಾಡಿಯ ಮೂತಿ ಪ್ರವಾಹದ ಕಡೆಗೆ ಒಂದಿಷ್ಟು ಜಾರಿತು. ಕನ್ನಡಿಯಲ್ಲಿ ಕ್ಯಾರವಾನಿನ ಎರಡು ಪಕ್ಕವೂ ಒಂದೇ ಸಮ ಕಾಣುವ ತನಕ ಅವಳು ಉಸಿರು ಬಿಡಲಿಲ್ಲ. ಕಂಡಿತು! ರಿವರ್ಸ್. ಚಕ್ರ ಒಂದು ಸುತ್ತು ಬರಿದೇ ಕೆಸರು ಉಗುಳಿತು, ಎರಡನೆಯದರಲ್ಲಿ ಕಚ್ಚಿಕೊಂಡಿತು. ಕೈ ಕೆಳಗೆ. ಈಗ ನಗಲಿಲ್ಲ. ಒಂದೊಂದೇ ಬೆರಳಿನಷ್ಟು ಎಡಕ್ಕೆ, ಒಂದು ಬೆರಳು ಬಲಕ್ಕೆ. ತಿರುವು ಮುಗಿಯಿತು, ಗೋಡೆ ಗಿಡ್ಡವಾಯಿತು, ಆಕಾಶ ಅಗಲವಾಯಿತು, ಕ್ಯಾರವಾನು ಬಯಲಿಗೆ ಬಂದು ನಿಂತಿತು.

ಬ್ರೈಡಿ ಕುಣಿದಾಡಿಬಿಟ್ಟಳು. ಈನಿಡ್ ಬಾಗಿಲು ತೆಗೆದು ಸೊಸೆಯ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟಳು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅದು ಮೊದಲನೆಯದು. ಕೆಳಗೆ, ಗಾಡಿ ನಿಂತಿದ್ದ ಜಾಗದ ಮೇಲೆ ಆಳುದ್ದದ ಮರದ ದಿಮ್ಮಿ ತೇಲಿ ಹೋಯಿತು.

ಹಳ್ಳ ಇಳಿಯಲು ಎರಡು ದಿನ ಹಿಡಿಯಿತು. ಗಾರ್ತ್ ಗಡ್ಡದವನ ದೊಗಳೆ ಪ್ಯಾಂಟು ಹಾಕಿಕೊಂಡು, ಅವನ ಸಾಸೇಜು ತಿಂದು, ಅವನದೇ ಕುರ್ಚಿಯಲ್ಲಿ ಕೂತು ಈಚೆ ದಡ ನೋಡಿದ. ಲಿಯೋನಿ ಅಗಲವಾದ ಹಾಸಿಗೆಯಲ್ಲಿ ಕೈಕಾಲು ಚಾಚಿ ಮಲಗಿದಳು. ಪೆಲಿಕನ್‌ಗಳು ಸಾಲುಸಾಲಾಗಿ ಕೆರೆಯ ಕಡೆಗೆ ಹೋಗುತ್ತಲೇ ಇದ್ದವು, ಬ್ರೈಡಿ ಮುನ್ನೂರರ ತನಕ ಎಣಿಸಿ ಬಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ನೀರು ಪಾದದಷ್ಟಕ್ಕೆ ಬಂತು. ಗಾರ್ತ್ ಪ್ಯಾಂಟು ಎತ್ತಿ ಹಿಡಿದುಕೊಂಡು ದಾಟಿ, ದಿಬ್ಬ ಹತ್ತಿ ಬಂದ. ಮಗಳನ್ನು ಎತ್ತಿಕೊಂಡ, ತಾಯಿಯಿಂದ ಬೈಸಿಕೊಂಡ, ಅಭ್ಯಾಸಬಲದಿಂದ ಚಾಲಕನ ಬಾಗಿಲಿಗೆ ಬಂದ. ಒಳಗೆ ಲಿಯೋನಿ ಕೂತಿದ್ದಳು. ಎಂಜಿನ್ ಓಡುತ್ತಿತ್ತು. ಅವಳು ಜರುಗಲಿಲ್ಲ.

ಗಾರ್ತ್ ಕಿಟಕಿಯ ಮೇಲೆ ಕೈಯಿಟ್ಟ.

“ಅವತ್ತು ನಾನು ಅಲ್ಲಿಂದ ಕೈ ಮಾಡ್ತಾನೇ ಇದ್ದೆ, ಲೀ. ನೀನು ಒಂದ್ಸಲಾನೂ ತಿರುಗಿ ನೋಡ್ಲಿಲ್ಲ.”

“ಇಲ್ಲ. ನೋಡ್ಲಿಲ್ಲ.”

“ನೀರಿಗೆ ಇಳಿದೆಯಲ್ಲ, ಆಗ ಬಲಕ್ಕೆ, ಬಲಕ್ಕೆ ಅಂತ ಎರಡು ಕೈಯಲ್ಲೂ ತೋರಿಸ್ತಿದ್ದೆ.”

“ಹೌದಾ?”

“ಹೂಂ.” ಅವನು ಕೆಳಗೆ ಹಳ್ಳದ ಕಡೆ ನೋಡಿದ, ಹ್ಯಾಟು ತೆಗೆದು ತಲೆ ಕೆರೆದುಕೊಂಡ. “ಅಲ್ಲಿ ಕುರ್ಚಿಯಲ್ಲಿ ಕೂತು ಎರಡು ದಿನ ಯೋಚನೆ ಮಾಡ್ದೆ. ನೀನು ನನ್ನ ಮಾತು ಕೇಳಿದ್ದಿದ್ರೆ ಗಾಡಿ ನೀರಲ್ಲಿರ್ತಿತ್ತು. ನೀನೂ.”

ಲಿಯೋನಿಗೆ ಏನೇನೋ ಹೇಳಬೇಕೆನ್ನಿಸಿತು, ಹನ್ನೊಂದು ದಿನದ್ದೆಲ್ಲ. ಆದರೆ ಎದೆಯಲ್ಲಿ ಸಂತೋಷ ಎಷ್ಟು ತುಂಬಿತ್ತೆಂದರೆ ಸಿಟ್ಟಿಗೆ ಜಾಗವೇ ಉಳಿದಿರಲಿಲ್ಲ.

“ಗಾಡಿ ಹತ್ತು,” ಎಂದಳು. “ನಿಮ್ಮಮ್ಮ ಕೆರೆ ನೋಡ್ಬೇಕಂತೆ.”

ಗಾರ್ತ್ ಪ್ಯಾಂಟು ಹಿಡಿದುಕೊಂಡು ಗಾಡಿಯ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದ.